ಸಿಬ್ಬಂದಿಯಿಲ್ಲದ ಹಡಗು ಬರುವುದಕ್ಕೆ ಮೊದಲು

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಬಂದು, ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆಯ ಮಾತು ಶುರುವಾಗುವ ಹೊತ್ತಿಗೆ, ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ಬಂದವನೆಂಬ ಕಾರಣಕ್ಕೆ ಮಂಗಳೂರು, ಉಡುಪಿ ಕಡೆಯ ಕೆಲವು ತಂದೆತಾಯಂದಿರು ನನ್ನನ್ನು ವಿಚಾರಿಸುವುದುಂಟು. ಮೊದಲೆಲ್ಲ ಸಂಬಳವೆಷ್ಟು, ಎಷ್ಟು ತಿಂಗಳಿಗೊಮ್ಮೆ ಮನೆಗೆ ಬರಬಹುದು ಎಂದು ಕೇಳುತ್ತಿದ್ದರು. ಈಗ, "ಇನ್ನು ಸ್ವಲ್ಪ ವರ್ಷಕ್ಕೆ ಹಡಗುಗಳು ತಾವಾಗಿಯೇ ಓಡುತ್ತವಂತಲ್ಲ ಸರ್, ಮಗನನ್ನು ಈ ಲೈನಿಗೆ ಹಾಕಿದರೆ ಮುಂದೆ ಹೇಗೆ?" ಎನ್ನುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಹಡಗಿನ ಮೇಲೆ ತಂತ್ರಜ್ಞಾನ ಈ ಹಿಂದೆ ಏನು ಮಾಡಿದೆ ಎಂಬುದನ್ನು ನೋಡಿದವರಿಗೆ ಭಯ ಬೇರೆ ಕಡೆಯಿಂದ ಬರಬೇಕು. ಯಂತ್ರವು ಜನರನ್ನು ಇಳಿಸುತ್ತದೆ, ನಿಜ. ಇಳಿದವರ ಕೆಲಸದ ಬಹುಪಾಲು ಮಾತ್ರ ಹಡಗಿನಲ್ಲೇ ಉಳಿದು, ಅಲ್ಲಿ ಮಿಕ್ಕವರ ಹೆಗಲೇರುತ್ತದೆ.

ರೇಡಿಯೋ ಆಫೀಸರನನ್ನೇ ತೆಗೆದುಕೊಳ್ಳೋಣ. 1912ರ ಟೈಟಾನಿಕ್ ದುರಂತದ ಬಳಿಕ 1914ರಲ್ಲಿ ರೂಪುಗೊಂಡ, ಸಮುದ್ರದಲ್ಲಿ ಜೀವರಕ್ಷಣೆಗಾಗಿನ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವು ಹಡಗುಗಳಲ್ಲಿ ರೇಡಿಯೋ ಕಾವಲಿಗೆ ಒತ್ತು ಕೊಟ್ಟಿತು. ಮುಂದಿನ ಹಲವು ದಶಕಗಳ ಕಾಲ, ನಮ್ಮವರು 'ಮಾರ್ಕೋನಿ ಸಾಬ್' ಎಂದು ಕರೆಯುತ್ತಿದ್ದ ಆ ಅಧಿಕಾರಿಗೆ ಬ್ರಿಜ್‌ನ ಹಿಂದೆ ತನ್ನದೇ ಕೋಣೆ, ತನ್ನದೇ ಗೌರವ ಇತ್ತು. ಉಪಗ್ರಹ ಸಂಪರ್ಕವನ್ನೂ ಬಳಸುವ ಜಿಎಂಡಿಎಸ್ಎಸ್ ಎಂಬ ಅಪಾಯ-ಸಂದೇಶ ವ್ಯವಸ್ಥೆ 1992ರಿಂದ ಹಂತಹಂತವಾಗಿ ಬಂದು 1999ರ ಫೆಬ್ರವರಿ 1ರಂದು ಪೂರ್ಣವಾಗಿ ಜಾರಿಯಾದಾಗ ಆ ಹುದ್ದೆ ಪ್ರಪಂಚದ ಬಹುತೇಕ ಸರಕು ಹಡಗುಗಳಿಂದ ಕಣ್ಮರೆಯಾಯಿತು. ಆದರೆ ಅಪಾಯದ ಸಂದೇಶಗಳಿಗೆ ಕಿವಿಗೊಡುವುದು, ಹವಾಮಾನ ವರದಿ ಪಡೆಯುವುದು, ಉಪಕರಣಗಳನ್ನು ದಿನವೂ ಪರೀಕ್ಷಿಸಿ ದಾಖಲೆ ಬರೆಯುವುದು ಯಾವುದೂ ನಿಲ್ಲಲಿಲ್ಲ. ಅವೆಲ್ಲವೂ ಒಂದು ಹೆಚ್ಚುವರಿ ಪ್ರಮಾಣಪತ್ರದೊಂದಿಗೆ, ಹಡಗು ನಡೆಸುವ ಅಧಿಕಾರಿಗಳಾದ ಮೇಟ್‌ಗಳ ಪಾಲಿಗೆ ಬಂದವು.

ಎಂಜಿನ್ ರೂಮಿನ ಕಥೆಯೂ ಇದೇ. ಹಿಂದೆ ಹಗಲೂ ರಾತ್ರಿ ನಾಲ್ಕು ಗಂಟೆಯ ವಾಚ್‌ಗಳಲ್ಲಿ ಜನ ನಿಂತಿರುತ್ತಿದ್ದ ಜಾಗ ಈಗ ಬಹಳಷ್ಟು ಹಡಗುಗಳಲ್ಲಿ ರಾತ್ರಿ ಖಾಲಿಯಿರುತ್ತದೆ. ಏನಾದರೂ ಏರುಪೇರಾದರೆ ಅಲಾರಂ ನೇರವಾಗಿ ಆ ದಿನದ ಪಾಳಿಯ ಇಂಜಿನಿಯರನ ಕ್ಯಾಬಿನ್ನಿನಲ್ಲಿ ಕೂಗುತ್ತದೆ. ಕಾಗದದ ಮೇಲೆ ಅವನು ವಿಶ್ರಾಂತಿಯಲ್ಲಿದ್ದಾನೆ. ರಾತ್ರಿ ಎರಡು ಗಂಟೆಗೆ ಎಣ್ಣೆ ಶುದ್ಧಮಾಡುವ ಪ್ಯೂರಿಫೈಯರ್ ಕೈಕೊಟ್ಟು, ಅದನ್ನು ಸರಿಮಾಡಿ ಮೇಲೆ ಬಂದು ಮಲಗುವಷ್ಟರಲ್ಲಿ ಇನ್ನೊಂದು ಅಲಾರಂ ಬಂದರೆ, ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಕೆಲಸಕ್ಕೆ ಇಳಿಯಬೇಕಾದವನೂ ಅವನೇ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕೆಂದು ನಾವಿಕರ ತರಬೇತಿ, ಪಾಳಿಗಳ ಅಂತಾರಾಷ್ಟ್ರೀಯ ಒಪ್ಪಂದದ, ಅಂದರೆ ಎಸ್‌ಟಿಸಿಡಬ್ಲ್ಯು ನಿಯಮ ಹೇಳುತ್ತದೆ. ಆ ಲೆಕ್ಕವನ್ನು ತುಂಬುವ ಸಾಫ್ಟ್‌ವೇರ್ ಕೂಡ ಈಗ ಹಡಗಿನಲ್ಲಿದೆ. ನಿಯಮ ಮೀರಿದರೆ ಚೌಕ ಕೆಂಪಾಗುತ್ತದೆ, ಆದ್ದರಿಂದ ಚೌಕ ಕೆಂಪಾಗದ ಹಾಗೆ ತುಂಬುವ ಕಲೆಯನ್ನು ಹೊಸಬರು ಮೊದಲ ಹಡಗಿನಲ್ಲೇ ಕಲಿತುಬಿಡುತ್ತಾರೆ.

ಇನ್ನು ಸ್ವಯಂಚಾಲಿತ ಹಡಗುಗಳ ವಿಚಾರ. ಇವು ಬರೀ ಕನಸಲ್ಲ, ನೀರಿನ ಮೇಲಿವೆ. ನಾರ್ವೆಯ ಯಾರಾ ಗೊಬ್ಬರ ಕಂಪನಿಯ 'ಯಾರಾ ಬಿರ್ಕೆಲಾಂಡ್' ಎಂಬ 80 ಮೀಟರ್ ಉದ್ದದ, 120 ಕಂಟೇನರ್ ಹಿಡಿಯುವ ಬ್ಯಾಟರಿ ಹಡಗು 2022ರಿಂದ ಕಾರ್ಖಾನೆಯ ಕಟ್ಟೆಯಿಂದ ಹತ್ತಿರದ ಬ್ರೆವಿಕ್ ಬಂದರಿಗೆ ಸರಕು ಸಾಗಿಸುತ್ತಿದೆ. ಅದೇ ದೇಶದ ಆಸ್ಕೋ ಎಂಬ ದಿನಸಿ ಸಗಟು ಸಂಸ್ಥೆಗೆ, ಆಸ್ಲೋ ಫ್ಯೋರ್ಡ್‌ನ ಈಚೆ ದಡದಿಂದ ಆಚೆ ದಡಕ್ಕೆ ಟ್ರೇಲರ್‌ಗಳನ್ನು ದಾಟಿಸಲೆಂದು, 67 ಮೀಟರ್ ಉದ್ದದ ಎರಡು ವಿದ್ಯುತ್ ಫೆರಿಗಳು ಅದೇ ವರ್ಷ ತಲುಪಿದವು. ಅವುಗಳನ್ನು ಕಟ್ಟಿದ್ದು ನಮ್ಮ ನೆರೆಯ ಕೊಚ್ಚಿ ಶಿಪ್‌ಯಾರ್ಡ್. ದೊಡ್ಡ ಹಡಗೊಂದು ಎರಡನ್ನೂ ಬೆನ್ನ ಮೇಲೆ ಹೊತ್ತು ನಾರ್ವೆಗೆ ಒಯ್ದಿತು. ಜಪಾನಿನಲ್ಲಿ ನಿಪ್ಪಾನ್ ಫೌಂಡೇಶನ್ನಿನ ಯೋಜನೆಯಡಿ 2022ರಲ್ಲೇ ಫೆರಿ, ಕಂಟೇನರ್ ಹಡಗುಗಳ ಪ್ರಯೋಗಗಳು ನಡೆದವು.

ಈ ಉದಾಹರಣೆಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು ಎಂಬುದನ್ನು ಗಮನಿಸಬೇಕು. ದಾರಿ ಚಿಕ್ಕದು, ದಿನವೂ ಅದೇ, ದಡ ಕಣ್ಣಳತೆಯಲ್ಲೇ ಇದೆ, ಸ್ಥಳೀಯ ಕೂಲಿ ದುಬಾರಿ, ಎಂಜಿನ್ನಿನ ಜಾಗದಲ್ಲಿ ಬ್ಯಾಟರಿ ಇದೆ. ಬ್ರೆಜಿಲಿನಿಂದ ಚೀನಾಕ್ಕೆ ಅದಿರು ಹೊತ್ತು ತಿಂಗಳಿಗೂ ಹೆಚ್ಚು ಕಾಲ ಸಾಗುವ ಹಡಗಿನ ಪರಿಸ್ಥಿತಿಯೇ ಬೇರೆ. ಅದರ ಎಂಜಿನ್ ಭಾರವಾದ ಎಣ್ಣೆ ಕುಡಿಯುತ್ತದೆ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಪೈಪು ಸೋರುತ್ತದೆ; ಇವುಗಳನ್ನು ಸರಿಪಡಿಸಲು ಕೈ ಬೇಕು, ಕ್ಯಾಮೆರಾ ಸಾಲದು. ಅಂತಾರಾಷ್ಟ್ರೀಯ ಸಾಗರ ಸಂಘಟನೆ, ಅಂದರೆ ಐಎಂಒ, ಸ್ವಯಂಚಾಲಿತ ಹಡಗುಗಳಿಗೆ ರೂಪಿಸುತ್ತಿರುವ ಸಂಹಿತೆಯೂ ಮೊದಲು ಐಚ್ಛಿಕವಾಗಿ ಬಂದು, 2032ರ ಹೊತ್ತಿಗೆ ಕಡ್ಡಾಯವಾಗುವುದೆಂಬ ನಿಧಾನದ ವೇಳಾಪಟ್ಟಿಯನ್ನೇ ಇಟ್ಟುಕೊಂಡಿದೆ. ಕ್ಯಾಪ್ಟನ್ ದಡದ ಕೋಣೆಯಲ್ಲಿ ಕುಳಿತಿರಬಹುದು, ಆದರೆ ಕ್ಯಾಪ್ಟನ್ ಎಂಬುವನೊಬ್ಬ ಇರಲೇಬೇಕು ಎಂಬುದನ್ನು ಅಲ್ಲಿ ಯಾರೂ ಕೈಬಿಟ್ಟಿಲ್ಲ.

2024ರ ಮಾರ್ಚ್ 26ರ ನಸುಕಿನಲ್ಲಿ ಬಾಲ್ಟಿಮೋರಿನಲ್ಲಿ 'ಡಾಲಿ' ಹಡಗು ಸೇತುವೆಯ ಕಂಬಕ್ಕೆ ಬಡಿದು ಆರು ಕಾರ್ಮಿಕರು ಸತ್ತದ್ದು ನೆನಪಿರಬಹುದು. ಬಹುತೇಕ ಭಾರತೀಯ ಸಿಬ್ಬಂದಿಯಿದ್ದ, ಮುನ್ನೂರು ಮೀಟರ್ ಉದ್ದದ ಆ ಹಡಗಿನಲ್ಲಿ ಕೆಲವೇ ನಿಮಿಷಗಳೊಳಗೆ ಎರಡು ಸಲ ವಿದ್ಯುತ್ ಹೋಯಿತು. ಅಮೆರಿಕದ ತನಿಖಾ ಮಂಡಳಿ ಕೊನೆಗೆ ಬೆರಳಿಟ್ಟು ತೋರಿಸಿದ ಮೂಲ, ಸ್ವಿಚ್‌ಬೋರ್ಡಿನೊಳಗೆ ಸರಿಯಾಗಿ ಕೂರದೆ ಸಡಿಲವಾಗಿದ್ದ ಒಂದು ತಂತಿ. ಹಡಗುಗಳು ಎಷ್ಟರಮಟ್ಟಿಗೆ ವಿದ್ಯುತ್ತನ್ನೂ ನಿಯಂತ್ರಣ ಸರ್ಕ್ಯೂಟ್‌ಗಳನ್ನೂ ನೆಚ್ಚಿಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ವಿಚಿತ್ರವೆಂದರೆ, ಈ ಕೆಲಸ ನೋಡುವ ಎಲೆಕ್ಟ್ರಿಕಲ್ ಆಫೀಸರನನ್ನು, ನಮ್ಮ 'ಬತ್ತಿ ಸಾಬ್'ನನ್ನು, ಖರ್ಚು ಉಳಿಸಲೆಂದು ಅನೇಕ ಮಾಲೀಕರು ಒಂದು ಕಾಲದಲ್ಲಿ ಇಳಿಸಿಬಿಟ್ಟಿದ್ದರು. 2010ರ ಮನಿಲಾ ತಿದ್ದುಪಡಿಗಳು ಆ ಹುದ್ದೆಗೆ ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್, ಇಟಿಒ, ಎಂಬ ಹೆಸರಿನಲ್ಲಿ ಅಂತಾರಾಷ್ಟ್ರೀಯ ಪ್ರಮಾಣಪತ್ರ ಕೊಟ್ಟವು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದ ಹುಡುಗರಿಗೂ ಹುಡುಗಿಯರಿಗೂ ನಾನು ಧೈರ್ಯವಾಗಿ ಸೂಚಿಸುವ ದಾರಿ ಇದು.

ಹತ್ತು-ಹದಿನೈದು ವರ್ಷಗಳ ಮಟ್ಟಿಗೆ ಹಡಗಿನ ಕೆಲಸವನ್ನು ನಿಜವಾಗಿ ಬದಲಿಸಲಿರುವುದು ಇಂಧನ ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗು ಉದ್ಯಮವು 2050ರ ಸುಮಾರಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಗೆ ತಲುಪಬೇಕೆಂದು ಐಎಂಒ 2023ರ ಜುಲೈನಲ್ಲಿ ಗುರಿ ಹಾಕಿತು. ಅದನ್ನು ದರ, ದಂಡಗಳ ಮೂಲಕ ಜಾರಿಗೊಳಿಸುವ ಚೌಕಟ್ಟಿನ ಅಂಗೀಕಾರ 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದಕ್ಕೆ ಹೋಯಿತಾದರೂ, ಎರಡು ಬಗೆಯ ಇಂಧನ ಉರಿಸಬಲ್ಲ ಹಡಗುಗಳು ಈಗಾಗಲೇ ನೀರಿಗಿಳಿದಿವೆ. ಮೇರ್ಸ್ಕ್ ಕಂಪನಿಯ ಮೆಥನಾಲ್ ಕಂಟೇನರ್ ಹಡಗು 'ಲಾರಾ ಮೇರ್ಸ್ಕ್' 2023ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ನಾಮಕರಣಗೊಂಡಿತು.

ಇದರ ಗಂಭೀರತೆ ಅರ್ಥವಾಗಬೇಕಾದರೆ ಒಂದು ಸಂಖ್ಯೆಯನ್ನು ತಿಳಿದಿರಬೇಕು. ಸಾಮಾನ್ಯ ಹಡಗಿನ ಇಂಧನದ ಫ್ಲ್ಯಾಶ್ ಪಾಯಿಂಟ್, ಎಂದರೆ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲ ತಾಪಮಾನ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ನಾವು ಕಲಿತ ಸುರಕ್ಷತೆಯ ಪಾಠಗಳೆಲ್ಲ, ಸೋರಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸುವ ಅಭ್ಯಾಸದವರೆಗೆ, ಈ ಅರವತ್ತರ ಮೇಲೆ ನಿಂತಿವೆ. ಮೆಥನಾಲಿನದು 12 ಡಿಗ್ರಿಯ ಆಸುಪಾಸು. ಹಗಲ ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಇನ್ನೊಂದು ಹೊಸ ಇಂಧನವಾದ ಅಮೋನಿಯಾ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದಿದ್ದರೂ ಉಸಿರಾಡಿದವನನ್ನು ಕೊಲ್ಲುವ ವಿಷ. ದ್ರವೀಕರಿಸಿದ ನೈಸರ್ಗಿಕ ಅನಿಲವಾದ ಎಲ್‌ಎನ್‌ಜಿಯನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣ್ಣಗಿಡಬೇಕು. ಇಪ್ಪತ್ತು ವರ್ಷ ಡೀಸೆಲ್ ಎಂಜಿನ್ನಿನೊಂದಿಗೆ ಬಾಳಿದ ಚೀಫ್ ಇಂಜಿನಿಯರನ ಕೈಗೆ ಒಗ್ಗಿಹೋದ ಅಭ್ಯಾಸಗಳಲ್ಲಿ ಕೆಲವು ಇಲ್ಲಿ ಅಪಾಯಕಾರಿಯಾಗಬಲ್ಲವು. ಅನುಭವಕ್ಕೆ ತಲೆಬಾಗುವ ನಮ್ಮ ವೃತ್ತಿಯಲ್ಲಿ ಇದು ಅರಗಿಸಿಕೊಳ್ಳಲು ಕಷ್ಟವಾದ ಮಾತು. ಇಂಗಾಲ ಕಡಿತದ ಈ ದಾರಿಯಲ್ಲಿ 2030ರ ದಶಕದ ನಡುವಿನ ಹೊತ್ತಿಗೆ ಎಂಟು ಲಕ್ಷದಷ್ಟು ನಾವಿಕರಿಗೆ ಹೆಚ್ಚುವರಿ ತರಬೇತಿ ಬೇಕಾಗಬಹುದೆಂದು 2022ರ ಅಧ್ಯಯನವೊಂದು ಅಂದಾಜಿಸಿತು.

ಆ ತರಬೇತಿಯ ಖರ್ಚು ಯಾರದು? ಒಳ್ಳೆಯ ಕಂಪನಿಗಳು ತಾವೇ ಭರಿಸುತ್ತವೆ. ಮಿಕ್ಕೆಡೆ ಹುಡುಗನೇ ರಜೆಯ ದಿನಗಳನ್ನು ಕಳೆದುಕೊಂಡು, ಸಂಬಳವಿಲ್ಲದ ತಿಂಗಳುಗಳಲ್ಲಿ ಮುಂಬಯಿಯಲ್ಲೋ ಚೆನ್ನೈಯಲ್ಲೋ ಕೋಣೆ ಹಿಡಿದು ಒಂದರ ಮೇಲೊಂದು ಕೋರ್ಸ್ ಮಾಡಿಕೊಳ್ಳುತ್ತಾನೆ. ಹೊಸ ತಂತ್ರಜ್ಞಾನದ ಬಗ್ಗೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಈ ಲೆಕ್ಕ ಬರುವುದು ಕಡಿಮೆ.

ಕೆಲಸವಿದೆಯೇ ಎಂದರೆ, ಇದೆ. ಹಡಗು ಮಾಲೀಕರ ಸಂಘಟನೆಗಳಾದ ಬಿಮ್ಕೊ ಮತ್ತು ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಶಿಪ್ಪಿಂಗ್ 2021ರಲ್ಲಿ ಹೊರತಂದ ವರದಿಯ ಪ್ರಕಾರ ವಿಶ್ವದ ವಾಣಿಜ್ಯ ಹಡಗುಗಳಲ್ಲಿ ಸುಮಾರು 18.9 ಲಕ್ಷ ನಾವಿಕರಿದ್ದರು. ಅರ್ಹ ಅಧಿಕಾರಿಗಳಲ್ಲಿ 26,240 ಮಂದಿಯ ಕೊರತೆಯಿತ್ತು. 2026ರ ಹೊತ್ತಿಗೆ ಇನ್ನೂ 89,510 ಅಧಿಕಾರಿಗಳು ಬೇಕಾಗುವರೆಂದು ಅದು ಹೇಳಿತ್ತು. ಅತಿ ಹೆಚ್ಚು ನಾವಿಕರನ್ನು ಕೊಡುವ ಐದು ದೇಶಗಳಲ್ಲಿ ಭಾರತವೂ ಒಂದು. ಮಹಿಳೆಯರು ಮಾತ್ರ ನೂರಕ್ಕೆ ಒಂದೂಕಾಲಿನಷ್ಟು. ಆದರೆ ಕೊರತೆ ಅಧಿಕಾರಿಗಳದ್ದು, ಅವರ ಕೈಕೆಳಗಿನ ನಾವಿಕರಾದ ರೇಟಿಂಗ್‌ಗಳದ್ದಲ್ಲ. ಅದೇ ಸಂಸ್ಥೆಗಳ 2015ರ ವರದಿ ಅಧಿಕಾರಿಗಳ ಕೊರತೆಯ ಪಕ್ಕದಲ್ಲೇ ಸುಮಾರು 1.19 ಲಕ್ಷ ರೇಟಿಂಗ್‌ಗಳು ಹೆಚ್ಚುವರಿಯಾಗಿದ್ದಾರೆ ಎಂದಿತ್ತು. ಈ ಎರಡು ಸಾಲುಗಳನ್ನು ಒಟ್ಟಿಗೆ ಓದದೆ, 'ಹಡಗಿನಲ್ಲಿ ಜನ ಸಾಲುತ್ತಿಲ್ಲ' ಎಂಬ ಒಂದನ್ನೇ ಹಿಡಿದು ಲಕ್ಷಗಟ್ಟಲೆ ದುಡ್ಡು ಕೇಳುವ ಏಜೆಂಟರ ದಂಧೆ ನಡೆಯುತ್ತಿದೆ.

ಅಧಿಕಾರಿಯಾಗುವ ದಾರಿಯಲ್ಲಿಯೂ ಒಂದು ಇಕ್ಕಟ್ಟಾದ ಬಾಗಿಲಿದೆ. ನಾಟಿಕಲ್ ಸೈನ್ಸ್ ಡಿಪ್ಲೊಮಾ ಮುಗಿಸಿ ಅಧಿಕಾರಿಯಾಗಲು ತರಬೇತಿ ಪಡೆಯುವ ಕೆಡೆಟ್‌ಗೆ ಮೊದಲ ಪ್ರಮಾಣಪತ್ರದ ಪರೀಕ್ಷೆಗೆ ಕೂರಬೇಕಾದರೆ 18 ತಿಂಗಳು ಸಮುದ್ರದಲ್ಲಿ ಕಳೆದಿರಬೇಕು. ಸಿಬ್ಬಂದಿ ಇಪ್ಪತ್ತು-ಇಪ್ಪತ್ತೈದಕ್ಕೆ ಇಳಿದ ಹಡಗಿನಲ್ಲಿ ಕೆಡೆಟ್‌ಗಳಿಗೆ ಸಿಗುವ ಜಾಗ ಒಂದೆರಡು. ಕಲಿಸುವ ಪುರುಸೊತ್ತೂ ಹಿರಿಯರಿಗಿಲ್ಲ. ಹೀಗಾಗಿ ಒಂದು ಕಡೆ ಅಧಿಕಾರಿಗಳಿಲ್ಲವೆಂಬ ಕೂಗು, ಇನ್ನೊಂದು ಕಡೆ ಕೋರ್ಸ್ ಮುಗಿಸಿ ಹಡಗಿಗಾಗಿ ಕಾಯುತ್ತಿರುವ ಮಕ್ಕಳು. ಕಾಲೇಜಿಗೆ ಶುಲ್ಕ ಕಟ್ಟುವ ಮೊದಲು, ಯಾವ ಹಡಗು ಕಂಪನಿ ಈ ಹುಡುಗನಿಗೆ ಸ್ಪಾನ್ಸರ್‌ಶಿಪ್ ಬರೆದುಕೊಟ್ಟಿದೆ, ಆ ಕಂಪನಿ ಅಥವಾ ಏಜೆನ್ಸಿಗೆ ಕೇಂದ್ರ ಸರ್ಕಾರದ ನೌಕಾಯಾನ ಇಲಾಖೆಯಾದ ಡಿ.ಜಿ. ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಎಂಬ ನಾವಿಕರ ನೇಮಕಾತಿ ಪರವಾನಗಿ ಇದೆಯೇ ಎಂಬ ಎರಡನ್ನು ಕೇಳಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಇಂಟರ್ನೆಟ್ಟಿನ ಬಗ್ಗೆ ಎರಡು ಮಾತು. ಉಪಗ್ರಹ ಸಂಪರ್ಕ ಅಗ್ಗವಾಗಿ, ನಾವಿಕರಿಗೆ ಅದನ್ನು ಒದಗಿಸಬೇಕೆಂಬ ನಿಯಮವೂ 2024ರ ಡಿಸೆಂಬರಿನಿಂದ ಜಾರಿಗೆ ಬಂದು, ಮನೆಯವರೊಂದಿಗೆ ದಿನವೂ ಮಾತನಾಡುವ ಭಾಗ್ಯ ಈಗಿನವರಿಗಿದೆ. ಅದೇ ತಂತಿಯಿಲ್ಲದ ದಾರಿಯಲ್ಲಿ ಎಂಜಿನ್ನಿನ ಪ್ರತಿಯೊಂದು ಅಂಕಿಯೂ ದಡದ ಕಚೇರಿಗೆ ಹರಿಯುತ್ತದೆ, ಅಲ್ಲಿಂದ ಪ್ರಶ್ನೆಗಳು ಹಿಂದಿರುಗುತ್ತವೆ. ಹಡಗಿನ ಇಂಧನ ಖರ್ಚು ಯಾಕೆ ಹೆಚ್ಚಾಯಿತೆಂದು ಬಿರುಗಾಳಿಯ ನಡುವೆ ಉತ್ತರ ಬರೆಯುವುದು ಚೀಫ್ ಇಂಜಿನಿಯರನ ಹೊಸ ಕರ್ತವ್ಯಗಳಲ್ಲೊಂದು.

ದಡದ ಮೇಲಿನ ಬದಲಾವಣೆ ಇನ್ನೂ ವೇಗವಾಗಿದೆ, ಮತ್ತು ಅಲ್ಲಿ ಜನ ಸುಮ್ಮನಿಲ್ಲ. 2024ರ ಅಕ್ಟೋಬರ್ ಮೊದಲ ಮೂರು ದಿನ ಅಮೆರಿಕದ ಪೂರ್ವ ಕರಾವಳಿ ಮತ್ತು ಮೆಕ್ಸಿಕೋ ಕೊಲ್ಲಿಯ ಬಂದರುಗಳನ್ನು ಕಾರ್ಮಿಕರು ನಿಲ್ಲಿಸಿದ್ದು ಕೂಲಿಯ ಜೊತೆಗೆ ಯಾಂತ್ರೀಕರಣದ ವಿಚಾರಕ್ಕೂ. ನಮ್ಮ ಹತ್ತಿರದ, ಕೇರಳದ ವಿಳಿಂಜಂ ಬಂದರಿಗೆ ಅದೇ ವರ್ಷ ಜುಲೈನಲ್ಲಿ ಮೊದಲ ದೊಡ್ಡ ಕಂಟೇನರ್ ಹಡಗು ಬಂದಾಗ ಅಲ್ಲಿನ ಕ್ರೇನ್‌ಗಳು ಆಗಲೇ ದೂರನಿಯಂತ್ರಿತವಾಗಿದ್ದವು. ಕ್ಯಾಬಿನ್ನು ಹತ್ತಿ ಇಳಿಯುವ ಅಗತ್ಯವಿಲ್ಲದೆ, ಕೋಣೆಯೊಂದರಲ್ಲಿ ಕುಳಿತು ಅವುಗಳನ್ನು ನಡೆಸುವವರಲ್ಲಿ ಸುತ್ತಲಿನ ಮೀನುಗಾರ ಕುಟುಂಬಗಳ ಹೆಣ್ಣುಮಕ್ಕಳೂ ಇದ್ದಾರೆ. ಪಣಂಬೂರಿನ ನವ ಮಂಗಳೂರು ಬಂದರು ಮುಂದೆ ಹೆಚ್ಚು ಯಾಂತ್ರೀಕರಣಕ್ಕೆ ತೆರೆದುಕೊಂಡರೆ, ಕರಾವಳಿಯ ಪಾಲಿಟೆಕ್ನಿಕ್‌ಗಳು ಈ ಒಂದು ಸಂಗತಿಯನ್ನು ಗಮನಿಸಿರಬೇಕು.

ಮಲ್ಪೆಯಲ್ಲಿ 2020ರಿಂದ ಕೊಚ್ಚಿ ಶಿಪ್‌ಯಾರ್ಡಿನ ಕೈಗೆ ಬಂದ ಹಡಗು ಕಾರ್ಖಾನೆ ಟಗ್‌ಗಳ ಜೊತೆಗೆ ನಾರ್ವೆಯ ವಿಲ್ಸನ್ ಕಂಪನಿಗಾಗಿ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ಐಟಿಐ ಮುಗಿಸಿದ ವೆಲ್ಡರ್, ಎಲೆಕ್ಟ್ರಿಶಿಯನ್, ಪೈಪ್ ಫಿಟ್ಟರ್‌ಗೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಯುರೋಪಿನ ಗುಣಮಟ್ಟದ ಹಡಗಿನ ಮೇಲೆ ಕೈ ಪಳಗಿಸಿಕೊಳ್ಳುವ ಅವಕಾಶವಿದು. 'ಹಡಗಿನ ಕೆಲಸ' ಎಂದಾಗ ಬಿಳಿ ಸಮವಸ್ತ್ರವನ್ನು ಮಾತ್ರ ಕಣ್ಣ ಮುಂದೆ ತಂದುಕೊಳ್ಳುವ ನಮ್ಮೂರಿನವರು ಅದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.