ವಿಳಾಸದ ಜಾಗದಲ್ಲಿ ಬೋಟ್ ನಂಬರ್

ಮೀನುಗಾರಿಕೆ ಬೋಟುಗಳು ಎಲ್ಲಿವೆ ಎಂದು ತೋರಿಸುವ ಪ್ರೋಗ್ರಾಮ್ ನಮ್ಮದು. ಅದರೊಳಗೆ ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆ ಇದೆ. ಸ್ಕ್ರಿಪ್ಟ್ ಓಡುವಾಗಲೇ ಅದನ್ನು ಮೆಷಿನ್ ಕೋಡ್ (ಪ್ರೊಸೆಸರ್ ನೇರವಾಗಿ ಓಡಿಸುವ ಆದೇಶಗಳು) ಮಾಡಿ ಸಿ ಭಾಷೆಯ ಲೈಬ್ರರಿಯನ್ನು ಕರೆಯುತ್ತೇವೆ. ಲಿನಕ್ಸ್‌ನಲ್ಲಿ ತಕರಾರಿರಲಿಲ್ಲ. ಜುಲೈಯಲ್ಲಿ ಅದನ್ನು ವಿಂಡೋಸ್‌ಗೆ ತರಲು ಕೂತೆವು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳೆಲ್ಲ ಮಂಗಳೂರು ಧಕ್ಕೆಯಲ್ಲೇ ಇರುತ್ತವೆ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಓಡಿಸಿದ ಕೂಡಲೇ ಕ್ರ್ಯಾಶ್. ಮೆಮೊರಿಯಲ್ಲಿ ಹೆಕ್ಸ್ 29 (16ರ ಲೆಕ್ಕದಲ್ಲಿ ಬರೆದ ಸಂಖ್ಯೆ) ಎಂಬ ವಿಳಾಸಕ್ಕೆ ಬರೆಯಲು ಹೋಗಿ ಬಿದ್ದಿದೆ.

ಉಡುಪಿಯಿಂದ ದಿನಾ ಬಸ್ಸಿನಲ್ಲಿ ಬರುವ ಗೆಳೆಯ ಸ್ಕ್ರೀನ್ ನೋಡಿ, "ಇದೆಂಥ ಅಡ್ರೆಸ್ ಮಾರಾಯ? ಹೆಕ್ಸ್ 29 ಅಂದ್ರೆ 41. ನೀನು ಕೇಳಿದ್ದು 41ನೇ ಬೋಟ್ ಅಲ್ವಾ?" ಎಂದ.

ಅಲ್ಲಿಂದ ಗಂಟು ಬಿಚ್ಚಿಕೊಂಡಿತು. ಬೋಟ್ ನಂಬರ್ ಕೊಟ್ಟರೆ ಲೈಬ್ರರಿಯ ಫಂಕ್ಷನ್ ಅಕ್ಷಾಂಶ, ರೇಖಾಂಶ ಇರುವ ಸ್ಟ್ರಕ್ಟ್ (ಕೆಲವು ಸಂಖ್ಯೆಗಳ ಒಂದು ಕಟ್ಟು) ಹಿಂದಿರುಗಿಸುತ್ತದೆ. ಎರಡು ಡಬಲ್ (8 ಬೈಟಿನ ದಶಮಾಂಶ ಸಂಖ್ಯೆ), ಒಟ್ಟು 16 ಬೈಟ್. ಇಂಟೆಲ್, ಎಎಮ್‌ಡಿ ಪ್ರೊಸೆಸರಿನ 64 ಬಿಟ್ ಲಿನಕ್ಸ್‌ನಲ್ಲಿ ಅಷ್ಟು, ಪ್ರೊಸೆಸರಿನೊಳಗಿನ ಪುಟ್ಟ ಜಾಗವಾದ ರಿಜಿಸ್ಟರ್‌ನಲ್ಲೇ ಬರುತ್ತದೆ: ಮಂಗಳೂರಿನ 12.87 ಎಕ್ಸ್‌ಎಮ್‌ಎಮ್0ರಲ್ಲಿ, 74.84 ಎಕ್ಸ್‌ಎಮ್‌ಎಮ್1ರಲ್ಲಿ. ವಿಂಡೋಸ್ ಹಾಗಲ್ಲ. 1, 2, 4 ಅಥವಾ 8 ಬೈಟ್ ಇದ್ದರೆ ಮಾತ್ರ ರಿಜಿಸ್ಟರಿನಲ್ಲಿ, ಅಂದರೆ ಆರ್‌ಎಎಕ್ಸ್‌ನಲ್ಲಿ ಕೊಡುತ್ತದೆ. ಮಿಕ್ಕಿದ್ದಕ್ಕೆಲ್ಲ ಹೋಟೆಲಿಗೆ ಸಾಂಬಾರ್ ತರಲು ಹೋದ ಹಾಗೆ, ಪಾತ್ರೆ ನಾವೇ ಒಯ್ಯಬೇಕು. ಅಂದರೆ ಕರೆಯುವವರೇ ಜಾಗ ಮಾಡಿ, ಅದರ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲಿ ಗುಟ್ಟಾಗಿ ಕಳಿಸಬೇಕು. ಬೋಟ್ ನಂಬರ್ ಆರ್‌ಡಿಎಕ್ಸ್‌ಗೆ ಸರಿಯಬೇಕು. ಮೆಷಿನ್ ಕೋಡ್ ಬರೆಯುವ ನಮ್ಮ ಜನರೇಟರ್ 41ನ್ನು ಆರ್‌ಸಿಎಕ್ಸ್‌ನಲ್ಲಿಟ್ಟಿತ್ತು. ಲೈಬ್ರರಿ ಅದನ್ನೇ ವಿಳಾಸ ಎಂದುಕೊಂಡು ಉತ್ತರ ಬರೆಯಲು ಹೋಯಿತು. ಸಿ ಕೋಡ್ ಎಷ್ಟು ಸಲ ಓದಿದರೂ ಇದು ಕಾಣುವುದಿಲ್ಲ.

ನಿಜವಾದ ಮಜಾ ಇರುವುದು ಮೂರನೇ ಡಬಲ್ ಆಗಿ ಬೋಟಿನ ವೇಗ ಸೇರಿಸಿದಾಗ. ಈಗ 24 ಬೈಟ್. ಲಿನಕ್ಸೂ ಪಾತ್ರೆ ಕೇಳುತ್ತದೆ, ವಿಳಾಸ ಆರ್‌ಡಿಐಯಲ್ಲಿ. 64 ಬಿಟ್ ಆರ್ಮ್ (ಮೊಬೈಲುಗಳಲ್ಲಿರುವ ಬಗೆಯ ಪ್ರೊಸೆಸರ್) ಬೋರ್ಡಿನಲ್ಲಿ ಮಾತ್ರ ಮೂರೂ ಡಿ0, ಡಿ1, ಡಿ2ರಲ್ಲಿ ಸಲೀಸಾಗಿ ಬಂದವು! ಒಂದೇ ಜಾತಿಯ ದಶಮಾಂಶ ಸಂಖ್ಯೆಗಳಾದರೆ ನಾಲ್ಕರವರೆಗೂ ಅದು ರಿಜಿಸ್ಟರ್‌ನಲ್ಲೇ ಕೊಡುತ್ತದೆ. ಈ ಮೂರರ ಜೊತೆಗೊಂದು ಇಂಟ್ (ಪೂರ್ಣಾಂಕ) ಸೇರಿಸಿದರೆ ಮುಗಿಯಿತು, ಮೆಮೊರಿಗೇ ಹೋಗಬೇಕು. ಆಗಲೂ ವಿಳಾಸಕ್ಕೆ ಎಕ್ಸ್8 ಎಂಬ ಬೇರೆ ರಿಜಿಸ್ಟರ್ ಇದೆ, ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟುಗಳು ಜಾಗ ಬಿಟ್ಟು ಕದಲುವುದಿಲ್ಲ. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಅಚ್ಚುಕಟ್ಟು.

"ಸುಮ್ನೆ ಪಾಯಿಂಟರನ್ನೇ ಆರ್ಗ್ಯುಮೆಂಟ್ ಮಾಡಿಬಿಡು" ಎಂದ ಗೆಳೆಯ. ನಮ್ಮದೇ ಫಂಕ್ಷನ್‌ಗಳಿಗೆ ಹಾಗೇ ಮಾಡಿ, ಪಾತ್ರೆಯ ವಿಳಾಸವನ್ನು (ಅದೇ ಪಾಯಿಂಟರ್) ಬಹಿರಂಗವಾಗಿಯೇ ಕೊಟ್ಟೆವು. ಜಿಪಿಎಸ್ ಲೈಬ್ರರಿ ಬೇರೆಯವರದ್ದು, ಅದನ್ನು ಮುಟ್ಟುವಂತಿಲ್ಲ. ಅದಕ್ಕಾಗಿ ಜನರೇಟರ್‌ನಲ್ಲಿ ಮೂರೂ ಪದ್ಧತಿ ಬರೆದೆವು. ವಿಂಡೋಸ್‌ನಲ್ಲಿ ಸಿ++ ಭಾಷೆಯಲ್ಲಿ ಆಬ್ಜೆಕ್ಟ್ ಮೂಲಕ ಕರೆಯುವ ಮೆಂಬರ್ ಫಂಕ್ಷನ್ ಆದರೆ 8 ಬೈಟಿನ ಸ್ಟ್ರಕ್ಟಿಗೂ ಪಾತ್ರೆ ಬೇಕು. ಅದನ್ನು ಹೇಳಿದ್ದಕ್ಕೆ ಗೆಳೆಯ ಬ್ಯಾಗ್ ಹೆಗಲಿಗೇರಿಸಿ, "ಅದು ನಾಳೆ" ಎಂದು ಬಸ್ಸಿಗೆ ಓಡಿದ.