ಮಕ್ಕಳೊಂದಿಗೆ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ

ಜರ್ಮನಿಯ ಬವೇರಿಯಾ ರಾಜ್ಯದಲ್ಲಿರುವ ಈ ಕೋಟೆಗೆ ಹೋಗುವವರು ಎಡವುವುದು ಸಮಯದ ಲೆಕ್ಕದಲ್ಲಿ. ಟಿಕೆಟ್ಟಿನ ಮೇಲಿರುವುದು ಕೋಟೆಯೊಳಗೆ ಹೋಗಬೇಕಾದ ಹೊತ್ತು. ತಪ್ಪಿದರೆ ಆ ಸರದಿ ಹೋದಂತೆಯೇ. ಕೆಳಗಿನ ಹೋಹೆನ್‌ಶ್ವಾಂಗೌ ಹಳ್ಳಿಯಿಂದ ದಾರಿ ಸುಮಾರು ಒಂದೂವರೆ ಕಿಲೋಮೀಟರ್, ಪೂರ್ತಿ ಏರು. ದೊಡ್ಡವರಿಗೆ 40 ನಿಮಿಷ, ಪುಟ್ಟ ಮಕ್ಕಳಿದ್ದರೆ ಒಂದು ಗಂಟೆ ಇಟ್ಟುಕೊಳ್ಳಿ. ಹಳ್ಳಿಯಿಂದ ಮೇಲೇರುವ ಬಸ್ಸನ್ನೇ ನಂಬಬೇಡಿ: ಹಿಮ ಬಿದ್ದಾಗ ಅದು ಓಡುವುದಿಲ್ಲ. ಕುದುರೆಗಾಡಿಯೂ ಕೋಟೆಯ ಬಾಗಿಲವರೆಗೆ ಬರುವುದಿಲ್ಲ, ಕೊನೆಯ ಏರನ್ನು ನಡೆದೇ ಹತ್ತಬೇಕು.

ಮಗುವಿನ ತಳ್ಳುಗಾಡಿ, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಕೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ. ಫೋಟೊ ತೆಗೆಯುವಂತಿಲ್ಲ. ಗೈಡ್ ಜೊತೆಗಿನ ಸುತ್ತು ಅರ್ಧ ಗಂಟೆಯಷ್ಟೇ, ಆದರೆ ಮೆಟ್ಟಿಲು ಬಹಳ. 1869ರಲ್ಲಿ ಆರಂಭವಾದ ಕಟ್ಟಡ, 1886ರಲ್ಲಿ ಅದನ್ನು ಕಟ್ಟಿಸುತ್ತಿದ್ದ ಬವೇರಿಯಾದ ದೊರೆ ಎರಡನೇ ಲುಡ್ವಿಗ್ ತೀರಿಕೊಂಡಾಗಲೂ ಮುಗಿದಿರಲಿಲ್ಲ.

ಮ್ಯೂನಿಕ್‌ನಿಂದ ಫ್ಯೂಸನ್‌ಗೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಕೋಟೆಯ ಕೆಳಗಿನ ಹಳ್ಳಿಗೆ ಬಸ್. ಐದು ಮಂದಿಯವರೆಗೆ ಒಂದೇ ಬವೇರಿಯಾ ಟಿಕೆಟ್ (ರಾಜ್ಯದೊಳಗೆ ಒಂದು ದಿನ ಓಡಾಡುವ ಟಿಕೆಟ್) ಸಾಕು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವೇ ಸಲ್ಲುತ್ತದೆ. ಹಾಗಾಗಿ ಕೋಟೆಯ ಹೊತ್ತನ್ನು ಮಧ್ಯಾಹ್ನ ಎರಡರ ಆಚೆಗೆ ಕಾಯ್ದಿರಿಸುವುದೇ ಜಾಣತನ. ಮರಳುವಾಗ ಫ್ಯೂಸನ್‌ನ ಹಳೆಯ ಬೀದಿಗಳಿಗೂ ಒಂದು ಗಂಟೆ ಕೊಡಿ.