ಬಾಲ್ಕನಿಯ ಆ ಬಿರುಕನ್ನು ನಾನು ಬರೀ ಮುಚ್ಚಿದ್ದೆ

ಗಣೇಶನ ಮೆರವಣಿಗೆಯ ತಮಟೆ ಕೇಳಿದರೆ ನನಗೆ ಈಗಲೂ ಮೈಸೂರಿನ ಒಂದು ಮನೆಯ ಬಾಲ್ಕನಿ ಕಣ್ಣ ಮುಂದೆ ಬರುತ್ತದೆ.

ನಾನು ವಾಟರ್‌ಪ್ರೂಫಿಂಗ್ ಮತ್ತು ರಿಪೇರಿ ಕೆಲಸದಲ್ಲಿ ಸೈಟ್ ಸೂಪರ್‌ವೈಸರ್. ಮೇ ತಿಂಗಳು ಬಂತೆಂದರೆ ದಿನಕ್ಕೆ ಆರೇಳು ವಿಸಿಟ್. ಆ ಮನೆಯಲ್ಲಿ ಮುಖ್ಯ ಕೆಲಸ ಇದ್ದದ್ದು ಟೆರೇಸ್‌ನಲ್ಲಿ. ಬಿರುಕಿನ ಉದ್ದಕ್ಕೂ ವಿ ಆಕಾರದ ಕಾಲುವೆ (ವಿ ಗ್ರೂವ್) ಕೊರೆದೆವು. ಬ್ಲೋಯರ್‌ನಿಂದ ಧೂಳು ಊದಿ, ಪ್ರೈಮರ್ ಬಳಿದು, ರಬ್ಬರಿನ ಹಾಗೆ ಜಗ್ಗುವ ಪಿಯು ಸೀಲೆಂಟ್ ತುಂಬಿ, ಮೇಲೆ ಮೆಶ್ (ಜಾಲರಿ) ಇಟ್ಟು ಎರಡು ಕೋಟ್. 48 ಗಂಟೆ ನೀರು ನಿಲ್ಲಿಸಿದರೂ ಒಂದು ಹನಿ ಇಳಿಯಲಿಲ್ಲ. ಹತ್ತು ಮೀಟರ್ ಸ್ಲ್ಯಾಬ್ 20 ಡಿಗ್ರಿ ಕಾದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಅಂಥ ಕಡೆ ಗಾರೆ ತುಂಬಿದರೆ ನಿಲ್ಲುವುದಿಲ್ಲ, ಜಗ್ಗುವ ಸಾಮಾನೇ ಬೇಕು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಸಮಾಧಾನ ಇದೆ.

ಹೊರಡುವಾಗ ಮನೆಯವರು ಮೊದಲ ಮಹಡಿಯ ಬಾಲ್ಕನಿಗೆ ಕರೆದರು. "ಇದನ್ನೂ ಒಂಚೂರು ನೋಡಿಬಿಡಿ" ಅಂದರು. ಗೋಡೆಯ ಬುಡದಲ್ಲೇ, ಗೋಡೆಗೆ ಸಮಾನಾಂತರವಾಗಿ, ಈ ತುದಿಯಿಂದ ಆ ತುದಿವರೆಗೆ ಒಂದು ಗೆರೆ. ಬಿರುಕಿನ ಅಗಲ ಅಳೆಯುವ ಕಾರ್ಡ್ ಇಟ್ಟೆ, 0.3 ಮಿ.ಮೀ. ಬಂತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲಿ 0.3 ತನಕ ಬಿಡುತ್ತಾರೆ ಅನ್ನುವುದು ತಲೆಯಲ್ಲಿತ್ತು. ಮಳೆ ಬಿಸಿಲಿಗೆ ಸಿಗುವ ಕಡೆ 0.2 ಅಂತ ಅಲ್ಲೇ ಬರೆದಿರುವುದು ನೆನಪಿಗೆ ಬರಲಿಲ್ಲ. "ಬಿಸಿಲಿನ ಹೇರ್‌ಲೈನ್ ಸಾರ್, ಏನಿಲ್ಲ" ಅಂದೆ. ಹುಡುಗನ ಕೈಯಲ್ಲಿ ಕ್ರ್ಯಾಕ್ ಫಿಲ್ಲರ್ ತುಂಬಿಸಿ, ಒಂದು ಕೋಟ್ ಬಳಿಸಿ ಹೊರಟೆ. ಇಪ್ಪತ್ತು ನಿಮಿಷದ ಕೆಲಸ.

ಬಿಸಿಲಿನ ಬಿರುಕು, ಒಣಗುವಾಗಿನ ಬಿರುಕು ಬಾಲ್ಕನಿಯಲ್ಲಿ ಸಾಮಾನ್ಯವಾಗಿ ಗೋಡೆಯಿಂದ ಹೊರಗಡೆಗೆ ಅಡ್ಡಡ್ಡ ಬರುತ್ತವೆ. ಗೋಡೆಯ ಗುಂಟ ಉದ್ದಕ್ಕೆ ಬರುವ ಗೆರೆ ಬೇರೆ ಮಾತು, ಬಾಲ್ಕನಿ ಬುಡದಲ್ಲೇ ಬಾಗುತ್ತಿರಬಹುದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಮುಂದಿನ ವಿಸಿಟ್ ಕಡೆ ಮನಸ್ಸಿತ್ತು.

ಸೆಪ್ಟೆಂಬರ್‌ನಲ್ಲಿ ಫೋನ್ ಬಂತು. ಗೆರೆ ಮತ್ತೆ ಬಿಟ್ಟಿದೆ, ಪೇಂಟ್ ಹರಿದಿದೆ ಅಂತ. ಸಂಜೆ ಹೋದೆ. ಅದು ಅವರ ಬೀದಿಯ ಗಣೇಶನನ್ನು ಬಿಡುವ ದಿನ. ಮಂಡಿಯೂರಿ ಕಾರ್ಡ್ ಇಟ್ಟರೆ 1 ಮಿ.ಮೀ. ದಾಟಿತ್ತು. ನೆಲದ ಮಟ್ಟ ನೋಡುವ ಲೆವೆಲ್ ಇಟ್ಟರೆ ಗುಳ್ಳೆ ಪೂರ್ತಿ ಗೋಡೆಯ ಕಡೆ ಓಡಿತು, ಅಂದರೆ ಹೊರಗಿನ ಅಂಚು ಕೆಳಗೆ ಇಳಿದಿತ್ತು. ನೀರು ಹೋಗಲಿ ಅಂತ ಕೊಡುವ ಇಳಿಜಾರಿಗಿಂತ ಅದು ತುಂಬಾ ಜಾಸ್ತಿ. ಪ್ಯಾರಾಪೆಟ್ ಉದ್ದಕ್ಕೂ ಹದಿನಾಲ್ಕು ಸಿಮೆಂಟ್ ಕುಂಡ.

ಅಷ್ಟರಲ್ಲಿ ತಮಟೆ ಹತ್ತಿರ ಬಂತು. ಮನೆಯವರು, ನೆಂಟರು, ಮಕ್ಕಳು ಎಲ್ಲ ಬಾಲ್ಕನಿಗೆ ನುಗ್ಗಿದರು. ಎಣಿಸಿದೆ, ಹನ್ನೊಂದು ಜನ. ಅಜ್ಜಿ ಆರತಿ ತಟ್ಟೆ ಹಿಡಿದು ಮುಂದೆ ನಿಂತರು.

ಆಗ ನಾನು ತಕ್ಷಣ ಬಾಯಿ ಬಿಡಲಿಲ್ಲ. ಇದನ್ನು ಬರೆಯುತ್ತಿರುವುದೇ ಅದಕ್ಕೆ. "ಏನಿಲ್ಲ ಅಂದವರು ನೀವೇ ಅಲ್ವಾ?" ಅಂತ ಕೇಳಿದರೆ ಏನು ಹೇಳಲಿ? ಆಫೀಸಿಗೆ ದೂರು ಹೋದರೆ? ಸುಮ್ನೆ ಗಾಬರಿ ಹುಟ್ಟಿಸಿದ ಹಾಗಾದರೆ? ಮೆರವಣಿಗೆ ಹೇಗೂ ಐದು ನಿಮಿಷದಲ್ಲಿ ದಾಟಿ ಹೋಗುತ್ತದಲ್ಲ ಅಂತಲೂ ಅನ್ನಿಸಿತು. ಲೆವೆಲ್ ಹಿಡಿದು ಕೂತೇ ಇದ್ದೆ. ಎರಡು ನಿಮಿಷ ಇರಬಹುದು, ಮೂರೂ ಇರಬಹುದು. ಅಷ್ಟರಲ್ಲಿ ಇಬ್ಬರು ಮಕ್ಕಳು ತಮಟೆಗೆ ಕುಣಿಯತೊಡಗಿದರು. ನೆಲ ನಡುಗಿದ್ದು ನನ್ನ ಮಂಡಿಗೆ ತಿಳಿಯಿತು. ಗೆರೆಯ ಅಂಚಿನ ಸಿಮೆಂಟ್ ಪುಡಿ ಒಳಗೆ ಉದುರಿತು.

"ಎಲ್ಲರೂ ಒಳಗೆ ಬನ್ನಿ. ಓಡಬೇಡಿ, ಒಬ್ಬೊಬ್ಬರೇ ಬನ್ನಿ" ಅಂತ ಕೂಗಿದೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮಕ್ಕಳನ್ನು ಕೈಹಿಡಿದು ಎಳೆದೆ. ಉಳಿದವರು ನನ್ನ ಮುಖ ನೋಡಿ ಬಂದರು. ಅಜ್ಜಿ ಕೊನೆಗೆ, ಆರತಿ ಆರದ ಹಾಗೆ ನಿಧಾನವಾಗಿ ಬಂದರು. ಆ ನಾಲ್ಕು ಹೆಜ್ಜೆ ನನಗೆ ನಾಲ್ಕು ಫರ್ಲಾಂಗ್ ಆಯಿತು. ಬಾಗಿಲಿಗೆ ಚಿಲಕ ಹಾಕಿಸಿ ಕೆಳಗೆ ಓಡಿದೆ. ಬಾಲ್ಕನಿಯ ನೆರಳಲ್ಲಿ ನಿಂತವರನ್ನು ರಸ್ತೆಯ ಆಚೆ ಕಳಿಸಿದೆ.

ಮನೆಯವರಿಗೆ ಎಲ್ಲ ಹೇಳಿದೆ. ಮೇ ತಿಂಗಳಲ್ಲಿ ತಪ್ಪು ನೋಡಿದ್ದು ನಾನೇ ಅಂತಲೂ ಹೇಳಿದೆ. ಅವರು ಬೈಯಲಿಲ್ಲ. "ಈಗ ಏನು ಮಾಡಬೇಕು ಹೇಳಿ" ಅಂದರು. ಪರಿಚಯದ ಸೆಂಟ್ರಿಂಗ್‌ನವರು (ಸ್ಲ್ಯಾಬ್‌ಗೆ ಕೆಳಗಿನಿಂದ ಆಸರೆ ಕಟ್ಟುವವರು) ಹಬ್ಬದ ದಿನವೂ ಜಾಕಿ, ಹಲಗೆ ತಂದರು. ರಾತ್ರಿ ಹತ್ತಕ್ಕೆ ಸಪೋರ್ಟ್ ಬಿಗಿಯಾದ ಮೇಲೆ ಕುಂಡಗಳನ್ನು ಒಂದೊಂದಾಗಿ ಒಳಗಿಟ್ಟೆವು.

ಮರುದಿನ ಕಾಂಕ್ರೀಟ್ ಒಳಗಿನ ಕಂಬಿ ಪತ್ತೆ ಮಾಡುವ ಲೊಕೇಟರ್ ಹಿಡಿದಾಗ ಕಾರಣ ಸಿಕ್ಕಿತು. ಐದು ಇಂಚಿನ ಸ್ಲ್ಯಾಬ್, ಮೇನ್ ಕಂಬಿ ಮೇಲಿನಿಂದ 70 ಮಿ.ಮೀ. ಕೆಳಗೆ. ಹೊರಚಾಚಿದ ಸ್ಲ್ಯಾಬ್‌ನಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ, ಕಂಬಿ ಅಲ್ಲೇ ಇರಬೇಕು. ಕಟ್ಟುವಾಗ ಕಂಬಿಯನ್ನು ಎತ್ತರದಲ್ಲಿ ಹಿಡಿಯುವ ಚೇರ್ (ಕಂಬಿಯದೇ ಸ್ಟ್ಯಾಂಡ್) ಇಡದೆ, ಕಾಂಕ್ರೀಟ್ ಹಾಕುವವರು ಕಂಬಿಯನ್ನು ತುಳಿದುಕೊಂಡೇ ಓಡಾಡಿದ್ದರು ಅನ್ನಿಸುತ್ತದೆ. ಇದಕ್ಕೆ ಯಾವ ಫಿಲ್ಲರ್ ಹಾಕಿದರೂ, ಬಿರುಕಿನೊಳಗೆ ಎಪಾಕ್ಸಿ ಅಂಟಿನ ಇಂಜೆಕ್ಷನ್ ಕೊಟ್ಟರೂ ಕಂಬಿ ಮೇಲೆ ಬರುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಬಾಲ್ಕನಿ ಒಡೆಸಿ, ಒಳಗಿನ ಸ್ಲ್ಯಾಬ್‌ನ ಮೇಲ್ಮೈಯನ್ನೂ ಕೆತ್ತಿಸಿ ಹೊಸ ಕಂಬಿ ಹಾಸಿಸಿದರು. ಕಾಂಕ್ರೀಟ್ ಹಾಕುವ ದಿನ ಬೆಳಗ್ಗೆಯಿಂದ ಸಂಜೆವರೆಗೆ ನಾನು ಅಲ್ಲೇ ಇದ್ದೆ. ಯಾರೂ ಕಂಬಿ ತುಳಿಯದ ಹಾಗೆ ಹಲಗೆ ಹಾಕಿಸಿ, ಚೇರ್ ಒಂದೊಂದನ್ನೂ ಮುಟ್ಟಿ ನೋಡಿದೆ.

ಈಗ ಯಾವ ಗೆರೆ ಕಂಡರೂ ಮೊದಲು ಅದರ ದಿಕ್ಕು ನೋಡುತ್ತೇನೆ, ಆಮೇಲೆ ಅಗಲ. ಅನುಮಾನ ಬಂದರೆ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆದು, ತಿಂಗಳು ಬಿಟ್ಟು ಮತ್ತೆ ಬರುತ್ತೇನೆ. ಗೋಡೆಯ ಗುಂಟ ಬಂದ ಬಾಲ್ಕನಿ ಬಿರುಕಾದರೆ ತಿಂಗಳು ಕಾಯುವುದಿಲ್ಲ. ಅವತ್ತೇ ಜಾಕಿ ಕೊಡಿಸಿ, ಎಂಜಿನಿಯರ್‌ಗೆ ಫೋನ್ ಮಾಡಿಸುತ್ತೇನೆ.

ನಮ್ಮ ಆ್ಯಪ್‌ನ ರಿಪೋರ್ಟ್‌ನಲ್ಲಿ ಉದ್ದ, ಅಗಲ, ಪ್ರಾಡಕ್ಟ್, ರನ್ನಿಂಗ್ ಫೀಟ್ ರೇಟ್ ಇದೆ. ಬಿರುಕು ಯಾಕೆ ಬಂತು ಅಂತ ಬರೆಯಲು ಜಾಗ ಇಲ್ಲ. ಮೀಟಿಂಗ್‌ನಲ್ಲಿ ಎರಡು ಸಲ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ರಿಮಾರ್ಕ್ಸ್‌ನಲ್ಲೇ ಬರೆಯುತ್ತಿದ್ದೇನೆ. ಒಂದು ವಿಸಿಟ್‌ಗೆ ಮುಕ್ಕಾಲು ಗಂಟೆ ಯಾಕೆ ಅಂತ ಮೊನ್ನೆಯೂ ಆಫೀಸಿನಿಂದ ಫೋನ್ ಬಂದಿತ್ತು.